ಮುಯ್ಯಿಗೆ ಬಂದವಳು

"ಆಮಿನಾ ಅವ್ರೇ..."

ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಮಮತಾ ತಲೆ ಎತ್ತಲಿಲ್ಲ. ಸೂಜಿಯ ಕೆಳಗೆ ಬಿಳಿ ಶರ್ಟಿನ ಕಾಲರು ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಅವಳ ಜೀವವೆಲ್ಲ ಅಲ್ಲಿತ್ತು.

"ಆಮಿನಾ ಅವ್ರೇ, ನಿಮ್ಮನ್ನೇ ಕರೀತಿರೋದು!"

ಈ ಸಲ ದನಿ ಕಿವಿಯ ಪಕ್ಕದಲ್ಲೇ ಬಂತು. ಮಮತಾಳ ಎದೆ ಧಸಕ್ಕೆಂದಿತು. 'ಅಯ್ಯೋ ಶಿವನೇ! ಇವತ್ತು ಆಮಿನಾ ಅಂದ್ರೆ ನಾನೇ ಅಲ್ವಾ?'

ಗಾಬರಿಯಿಂದ ತಿರುಗಿದಳು. ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡ ಎತ್ತರದ ಹುಡುಗನೊಬ್ಬ ನಿಂತಿದ್ದ. ಆ ವಾರವಷ್ಟೇ ಕೆಲಸಕ್ಕೆ ಸೇರಿದ ಹೊಸ ಸೂಪರ್‌ವೈಸರ್, ತಿಪ್ಪೇರುದ್ರ. ಜಗಳೂರು ತಾಲೂಕಿನ ಬಿಳಿಚೋಡಿನವನಂತೆ, ಬಲು ಖಡಕ್ಕಂತೆ ಎಂದು ಬಸ್ಸಿನಲ್ಲಿ ಹೆಂಗಸರು ಮಾತಾಡಿಕೊಂಡಿದ್ದನ್ನು ಅವಳು ಕೇಳಿದ್ದಳು.

ಅವನು ಆ ಸೊಟ್ಟ ಕಾಲರನ್ನು ಎತ್ತಿ ಬೆಳಕಿಗೆ ಹಿಡಿದ.

"ಕಾಲರ್ ಹಚ್ಚೋದ್ರಾಗೆ ಆಮಿನಾ ಅವರನ್ನ ಬಿಟ್ರೆ ಇನ್ನೊಬ್ರಿಲ್ಲ ಅಂತ ಎಲ್ರೂ ಹೇಳ್ತಾರೆ. ನಿನ್ನೆ ನಾನೇ ನೋಡೀನಿ. ಬೆಳಗಾಗೋದ್ರಾಗೆ ಕೈ ಮರೆತುಹೋತಾ?"

"ಜ್ವ... ಜ್ವರ ಇತ್ತು ಸಾರ್."

"ಓಹೋ. ಜ್ವರ ಬಂದ್ರೆ ಬೆಕ್ಕಿನ ಕಣ್ಣು ಕರ್ರಗಾಗ್ತಾವಾ?"

ಮುಗಿಯಿತು ಕಥೆ! ಆಮಿನಾಳದು ಊರಿಗೆಲ್ಲ ಗೊತ್ತಿರುವ ಬೆಕ್ಕಿನ ಕಣ್ಣು. ಮೂಗಿನವರೆಗೆ ಮಾಸ್ಕು, ಹಣೆಯವರೆಗೆ ದುಪಟ್ಟಾ ಎಲ್ಲ ಸರಿ, ಆದರೆ ಕಣ್ಣಿಗೆ ಏನು ಮುಚ್ಚುವುದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ಮಮತಾ ಗಬಕ್ಕನೆ ಕಣ್ಣು ತಗ್ಗಿಸಿಬಿಟ್ಟಳು. ಅದರಿಂದಲೇ ಅವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಬಾಗಿಲ ಬಳಿ ಚಪ್ಪಲಿಯ ಸದ್ದು. ಯೂನಿಟ್ಟಿನ ಮಾಲೀಕರು, ಗುರುಸ್ವಾಮಿ! ಸಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಉಸಿರು ಬಿಗಿಹಿಡಿದರು. ಈ ಹುಡುಗ ಈಗ ಒಂದು ಮಾತು ಅಂದರೆ ಸಾಕು, ಆಮಿನಾಳ ಅನ್ನ ಹೋಯಿತು. ಮಮತಾಳ ಕಣ್ಣು ತುಂಬಿಬಂತು. ಬೇಡ ಎನ್ನುವಂತೆ ಅವನನ್ನೇ ನೋಡಿದಳು.

ತಿಪ್ಪೇರುದ್ರ ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಇಡೀ ಯೂನಿಟ್ಟಿಗೆ ಕೇಳುವ ಹಾಗೆ ಗದರಿದ. "ಏನ್ರೀ ಆಮಿನಾ ಅವ್ರೇ ಇದು? ಬಿಚ್ಚಿ ಮತ್ತೆ ಹಚ್ಚಿರಿ!"

ಬಾಗಿ ಶರ್ಟನ್ನು ಅವಳ ಮುಂದೆ ಇಡುತ್ತಾ ಪಿಸುಗುಟ್ಟಿದ. "ಮಾಸ್ಕ್ ಮೇಲಕ್ಕೆ ಏರಿಸ್ಕೊಳ್ರಿ. ಮೂಗುಬೊಟ್ಟು ಕಾಣ್ತೈತೆ."

ಗುರುಸ್ವಾಮಿ ಸಾಲಿನುದ್ದಕ್ಕೂ ಕಣ್ಣು ಹಾಯಿಸಿ, ಎಲ್ಲ ಮಿಷನ್ನಿನ ಮುಂದೂ ಆಳಿದ್ದಾರೆ ಎಂದು ತೃಪ್ತಿಯಾಗಿ ಹೋದರು. ಮಮತಾ ಮಾತ್ರ ಸಂಜೆಯವರೆಗೂ ಮತ್ತೆ ಮತ್ತೆ ಮಾಸ್ಕು ಮೇಲಕ್ಕೆ ಏರಿಸಿಕೊಳ್ಳುತ್ತಲೇ ಇದ್ದಳು. ಹೆದರಿಕೆಗೋ, ಇನ್ನು ಯಾತಕ್ಕೋ... ಅದು ಅವಳಿಗೇ ತಿಳಿಯಲಿಲ್ಲ.

ಇಷ್ಟಕ್ಕೂ ಮಮತಾ ಇನ್ನೊಬ್ಬಳ ಹೆಸರಲ್ಲಿ ಬಂದು ಕೂತದ್ದು ಯಾಕೆ ಅಂತೀರಾ? ಹೇಳುತ್ತೇನೆ.

ಚನ್ನಗಿರಿಯ ಆ ಯೂನಿಟ್ಟಿನಲ್ಲಿ ಹೊಲಿಯುವುದು ಶಾಲಾ ಮಕ್ಕಳ ಯೂನಿಫಾರ್ಮು. ಹೊನ್ನಾಳಿ, ನ್ಯಾಮತಿ ಕಡೆಯ ಶಾಲೆಗಳಿಂದ ಆರ್ಡರು. ಸುತ್ತಲ ಹಳ್ಳಿಯ ಹೆಂಗಸರೇ ಟೈಲರುಗಳು. ದಿನಗೂಲಿ. ಬಂದರೆ ಉಂಟು, ಬರದಿದ್ದರೆ ಇಲ್ಲ. ಜ್ವರ ಬರಲಿ, ಮಗುವಿಗೆ ವಾಂತಿಭೇದಿಯಾಗಲಿ, ಅದು ನಿಮ್ಮ ಹಣೆಬರಹ! ಕೂಲಿ ಹೋಗುವುದು ಹಾಗಿರಲಿ, ನಾಲ್ಕು ದಿನ ಮಿಷನ್ನು ಖಾಲಿ ಬಿದ್ದರೆ ಆ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆ.

ಆದರೆ ನಮ್ಮ ಹೆಂಗಸರೇನು ಕಮ್ಮಿಯೇ? ಹೊಲದಲ್ಲಿ ಮುಯ್ಯಾಳು ಅಂತ ಇಲ್ಲವೇ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತೇ ಬೇಡ ಅಂತ? ಅದನ್ನೇ ಎತ್ತಿ ಯೂನಿಟ್ಟಿಗೆ ತಂದಿದ್ದರು. ಒಬ್ಬಳು ಹಾಸಿಗೆ ಹಿಡಿದರೆ ಅವಳ ತಂಗಿಯೋ, ನಾದಿನಿಯೋ, ಪಕ್ಕದ ಮನೆಯವಳೋ ಬಂದು ಅವಳ ಮಿಷನ್ನಿನ ಮುಂದೆ ಕೂರುವುದು. ಬಟ್ಟೆಯ ಧೂಳಿಗೆ ಎಲ್ಲರೂ ಮಾಸ್ಕು ಹಾಕುವವರೇ, ಗುರುತು ಯಾರು ಹಿಡಿಯುತ್ತಾರೆ? ಕೂಲಿ ಕಾಯಿಲೆಯವಳಿಗೆ. ಗುಣವಾದ ಮೇಲೆ ಅವಳು ಮುಯ್ಯಿ ತೀರಿಸುತ್ತಾಳೆ, ಕಳೆ ಕಿತ್ತೋ, ಮೆಕ್ಕೆಜೋಳ ಬಿಡಿಸಿಯೋ.

ಮಮತಾ ಸಂತೇಬೆನ್ನೂರಿನ ನೀರುಗಂಟಿ ಜಯಪ್ಪನ ಮಗಳು. ಮನೆಯಲ್ಲೇ ರವಿಕೆ ಹೊಲಿಯುವವಳು. ಆಮಿನಾ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳು ಮತ್ತು ಪುಟ್ಟ ಮಗಳು ಆಸ್ಮಾ, ಇಬ್ಬರೇ. ಆಸ್ಮಾಳಿಗೆ ಉಬ್ಬಸ. ಮೋಡ ಕವಿದರೆ ಸಾಕು, ಮಗು ಉಸಿರಿಗೆ ಒದ್ದಾಡುತ್ತದೆ. ಅಂಥ ಒಂದು ಬೆಳಗ್ಗೆ ಆಮಿನಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಮಮತಾ, ಇವತ್ತೊಂದು ದಿನ ನನ್ ಜಾಗದಾಗೆ ಕೂರ್ತೀಯೇನವ್ವ?" ಎಂದಾಗ ಇವಳು ಬೇಡವೆನ್ನುವುದು ಹೇಗೆ?

ಆ ಸಂಜೆ ಯೂನಿಟ್ಟು ಬಿಟ್ಟಾಗ ತಿಪ್ಪೇರುದ್ರ ಬಸ್ ಸ್ಟ್ಯಾಂಡಿನಲ್ಲಿ ಬೇಕೆಂದೇ ಅವಳಿಂದ ಸ್ವಲ್ಪ ದೂರದಲ್ಲಿ ಬಂದು ನಿಂತ.

"ಮಗು ಹೆಂಗೈತೆ?"

"ನಿಮ್ಗೆ ಹೆಂಗೆ ಗೊತ್ತು?"

"ಗಿಡ್ಡಮ್ಮನ್ನ ಕೇಳ್ದೆ. ಮೊದ್ಲು ಬೈದ್ರು, ಆಮೇಲೆ ಹೇಳಿದ್ರು."

ಮಮತಾಗೆ ನಗು ತಡೆಯಲಿಲ್ಲ. ಕತ್ತಲಗೆರೆಯ ಗಿಡ್ಡಮ್ಮ ಯೂನಿಟ್ಟಿಗೇ ಹಿರಿಯಳು. ಬೈಯದೆ ಅವಳ ಬಾಯಿಂದ ಮಾತು ಹೊರಡುವುದೇ ಇಲ್ಲ.

"ಸಾರ್, ದಮ್ಮಯ್ಯ, ಸಾಹುಕಾರ್ರಿಗೆ ಹೇಳ್ಬೇಡ್ರಿ..."

"ನಮ್ಮವ್ವ ಟೈಫಾಯ್ಡ್ ಜ್ವರದಾಗೇ ಕೂಲಿಗೆ ಹೋದವಳು ಕಣ್ರೀ," ಎಂದ ಅವನು ರಸ್ತೆಯ ಕಡೆ ನೋಡುತ್ತಾ. "ಒಂದು ದಿನ ಮನೇಲಿ ಮಲಗಿದ್ರೆ ಆ ದಿನ ಒಲೆ ಹತ್ತತಿರ್ಲಿಲ್ಲ. ಅವಳಿಗೆ ಈಗ ಒಂದು ಕಿವಿ ಕೇಳಲ್ಲ. ನಾನು ಹೆಂಗೆ ಹೇಳ್ಲಿ ಸಾಹುಕಾರ್ರಿಗೆ?"

ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಖಡಕ್ಕು ಎಂದು ಹೇಳಿದ್ದರಲ್ಲ ಇವನನ್ನು!

ಅಲ್ಲಿಂದ ಶುರುವಾಯಿತು ನೋಡಿ. ಮಮತಾಳ ಕೈ ಪವರ್ ಮಿಷನ್ನಿಗೆ ಹೊಂದಿಕೊಂಡಿತು, ಕಾಲರು ನೆಟ್ಟಗಾಯಿತು. ಯಾರಿಗೆ ಮೈ ಹುಷಾರಿಲ್ಲದಿದ್ದರೂ ಮೊದಲು ಅವಳ ಮನೆಗೇ ಕರೆ. ಒಂದು ದಿನ ಅವಳು ಗಿಡ್ಡಮ್ಮ, ಮತ್ತೊಂದು ದಿನ ಅಜ್ಜಮ್ಮ, ಇನ್ನೊಂದು ದಿನ ಮತ್ತೆ ಆಮಿನಾ!

"ಗಿಡ್ಡಮ್ಮ ಅವ್ರೇ, ಸೊಂಟನೋವು ಹೆಂಗೈತೆ?" ಎಂದು ಗಂಭೀರವಾಗಿ ಕೇಳುತ್ತಿದ್ದ ಅವನು.

"ವಯಸ್ಸಾತಲ್ಲಪ್ಪ, ಇನ್ನೇನು," ಎಂದು ಇವಳು ಅಷ್ಟೇ ಗಂಭೀರವಾಗಿ ನರಳುತ್ತಿದ್ದಳು. ಪಕ್ಕದವರು ಮಾಸ್ಕಿನೊಳಗೇ ಕಿಸಕ್ಕೆನ್ನುತ್ತಿದ್ದರು.

ಅಪ್ಪನ ತುಂಡು ಹೊಲದ ಬೇಸಿಗೆ ಬೆಳೆಯ ಕಳೆ ಈ ಸಲ ಹೆಂಗಸರ ಮುಯ್ಯಿಯಿಂದಲೇ ಆಯಿತು, ಅದು ನಿಜ. ಆದರೆ ಬೆಳಗಿನ ಬಸ್ಸಿಗೆ ಅವಳು ಅಷ್ಟು ಬೇಗ ತಲೆ ಬಾಚಿಕೊಂಡು ನಿಲ್ಲುತ್ತಿದ್ದದ್ದು ಕಳೆ ಕೀಳಿಸುವುದಕ್ಕೆ ಅಂದರೆ ನಾನಂತೂ ನಂಬುವುದಿಲ್ಲ. 'ಥೂ, ಏನಾಗೈತೆ ನಂಗೆ? ಊರಲ್ಲಿ ಯಾರಿಗಾದ್ರೂ ಕಾಯಿಲೆ ಬರ್ಲಿ ಅಂತ ಕಾಯ್ತಿದೀನಲ್ಲ!' ಎಂದು ತನಗೆ ತಾನೇ ಬೈದುಕೊಂಡು, ನಾಚಿಕೊಂಡು, ಮತ್ತೆ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು.

ಒಂದು ಸಂಜೆ ಅವನೇ ಕೇಳಿದ. "ಎಲ್ರ ಹೆಸರೂ ಆತು. ನಿಮ್ಮ ಹೆಸರು ಹೇಳ್ಲೇ ಇಲ್ಲ."

"ಮಮತಾ."

"ಮಮತಾ..." ಎಂದು ಅವನು ಒಮ್ಮೆ ಅಂದುಕೊಂಡ, ಅಷ್ಟೇ. ಆ ಬಸ್ಸಿನಲ್ಲಿ ಊರು ತಲುಪುವವರೆಗೂ ಅವಳಿಗೆ ಟಿಕೆಟ್ ತೆಗೆದುಕೊಳ್ಳುವುದೇ ಮರೆತಿತ್ತು. ಕಂಡಕ್ಟರ್ ಬೈದ.

ಮಳೆ ಹಿಡಿದುಕೊಂಡಿತು. ಶಾಲೆ ಶುರುವಾಗುವ ದಿನ ಹತ್ತಿರ ಬಂತು, ಕೆಲಸ ಮೈಮೇಲೆ ಬಿತ್ತು. ಅದೇ ಹೊತ್ತಿಗೆ ಆಸ್ಮಾಳ ಉಬ್ಬಸ ಕೆರಳಿ ಮಗುವನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಮತಾ ದಿನವೂ ಆಮಿನಾಳ ಜಾಗದಲ್ಲಿ ಕೂತಳು.

ಒಂದು ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಕೂತ ಮೇಲೆ ಗುರುಸ್ವಾಮಿ ಒಳಗೆ ಬಂದರು. ಮುಖ ಕೆಂಪಗಿತ್ತು.

"ಎಲ್ರೂ ಮಾಸ್ಕ್ ತೆಗೀರಿ."

ಮಿಷನ್ನುಗಳು ಒಂದೊಂದಾಗಿ ನಿಂತವು. ಮಮತಾಳ ಕೈ ಮೇಲೇಳಲಿಲ್ಲ.

"ಏಯ್, ನಿಂಗೇ ಹೇಳಿದ್ದು! ಆಮಿನಾ ಅಲ್ವಾ ನೀನು? ತೆಗಿ!"

ತೆಗೆದಳು. ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓ, ಹಿಂಗಾ ನಾಟಕ! ನನ್ ಯೂನಿಟ್‌ನಾಗೆ ನಂಗೇ ಟೋಪಿ? ಎದ್ದೇಳು. ಆ ಆಮಿನಾಗೂ ಹೇಳು, ನಾಳೆಯಿಂದ ಬರೋದು ಬೇಡ ಅಂತ. ಇನ್ಮೇಲೆ ಯಾರಾದ್ರೂ ಬದಲಿ ಆಳು ಕೂರಿಸಿದ್ರೆ ಅವ್ರಿಗೂ ಇದೇ ಗತಿ!"

ಅಪಮಾನಕ್ಕೆ ಮಮತಾಳ ಕಿವಿ ಬಿಸಿಯಾಯಿತು. ತನಗೇನಾದರೂ ಆಗಲಿ, ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕೂತಿರುವ ಆಮಿನಕ್ಕನಿಗೆ ಏನೆಂದು ಹೇಳುವುದು? ಸುತ್ತಲೂ ನೋಡಿದಳು. ತಿಪ್ಪೇರುದ್ರ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ.

ಗೇಟಿನ ಹೊರಗೆ ಅವನು ಓಡಿಬಂದ. "ಮಮತಾ, ಒಂದ್ ನಿಮಿಷ..."

"ಸಾಹುಕಾರ್ರಿಗೆ ಯಾರು ಹೇಳಿದ್ದು?"

ಅವನು ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

"ಯಾರು ಹೇಳಿದ್ದು ಅಂತ ಕೇಳ್ದೆ!"

"...ನಾನೇ."

ಅವಳಿಗೆ ಕಣ್ಣು ಕತ್ತಲಿಟ್ಟಂತಾಯಿತು. ಬೇರೆ ಯಾರ ಹೆಸರು ಹೇಳಿದ್ದರೂ ಸಹಿಸುತ್ತಿದ್ದಳು.

"ನಿಮ್ಮವ್ವನ ಕಥೆ ಹೇಳಿ ನನ್ನ ಕಣ್ಣಾಗೆ ನೀರು ತರಿಸಿದ್ರಲ್ರೀ! ಎಲ್ಲ ತಿಳ್ಕೊಂಡು ಹೋಗಿ ಹೇಳಾಕೇನಾ ಅದು? ಏನು ಕೊಟ್ರು ಸಾಹುಕಾರ್ರು? ದೊಡ್ಡ ಸೂಪರ್‌ವೈಸರ್ ಮಾಡ್ತೀನಿ ಅಂದ್ರಾ?"

"ಹಂಗಲ್ಲ ಮಮತಾ, ನಾನು ಹೇಳಿದ್ದು ಯಾತಕ್ಕೆ ಅಂದ್ರೆ..."

"ನನ್ ಹೆಸರು ಎತ್ಬೇಡ್ರಿ!" ಎಂದಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ದುಪಟ್ಟಾದಲ್ಲಿ ಮುಖ ಮುಚ್ಚಿ ಅತ್ತಳು. ಮೋಸ ಹೋದೆ ಎಂಬ ಸಂಕಟಕ್ಕಿಂತ, ಇಂಥವನಿಗಾಗಿ ಕನ್ನಡಿ ನೋಡಿಕೊಂಡೆನಲ್ಲ ಎಂಬ ಸಿಟ್ಟು ಹೆಚ್ಚಾಗಿತ್ತು.

ಆಮಿನಾ ಸುದ್ದಿ ಕೇಳಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಮಗುವಿನ ತಲೆ ಸವರುತ್ತಾ, "ನಮ್ಮವ್ರಿಗೆ ಕಾಯಿಲೆ ಬರಬಾರ್ದು ತಂಗಿ. ಬಂದ್ರೆ ಅದೇ ತಪ್ಪು," ಎಂದಳು. ಆ ಮಾತು ಮಮತಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಒಂದು ವಾರ ಕಳೆದ ಮೇಲೆ, ಸಂತೆಯ ದಿನ, ಗಿಡ್ಡಮ್ಮ ಚೀಲ ಹಿಡಿದುಕೊಂಡು ಮನೆಗೇ ಬಂದಳು. ಜಗಲಿಯ ಮೇಲೆ ಕೂತವಳೇ ಎಂದಿನಂತೆ ಬೈಗುಳದಿಂದಲೇ ಶುರುಮಾಡಿದಳು.

"ಏನೇ ಹುಡುಗಿ, ಬುದ್ಧಿ ಐತೋ ಇಲ್ವೋ ನಿಂಗೆ? ಆ ಹುಡುಗನ್ನ ಹಂಗಾ ಅನ್ನೋದು?"

"ಅವರೇ ಒಪ್ಕೊಂಡ್ರು ಗಿಡ್ಡಮ್ಮ, ನಾನೇ ಹೇಳಿದ್ದು ಅಂತ."

"ಹೇಳ್ದ, ಹೌದು. ಯಾಕೆ ಹೇಳ್ದ ಅಂತ ಕೇಳಿದ್ಯಾ?"

ಆಗ ಗೊತ್ತಾಯಿತು ನಡೆದದ್ದು. ಆಸ್ಮಾ ಆಸ್ಪತ್ರೆ ಸೇರಿದ ದಿನವೇ ತಿಪ್ಪೇರುದ್ರ ಗಿಡ್ಡಮ್ಮ, ಅಜ್ಜಮ್ಮರನ್ನು ಕರೆದುಕೊಂಡು ಮಾಲೀಕರ ಕೋಣೆಗೆ ಹೋಗಿದ್ದನಂತೆ. ಕಾಯಿಲೆ ಬಿದ್ದರೆ, ಮಕ್ಕಳಿಗೆ ಹುಷಾರಿಲ್ಲದಿದ್ದರೆ, ಸಂಬಳ ಸಮೇತ ರಜೆ ಕೊಡಬೇಕು ಎಂದು ಕೇಳಿದ್ದನಂತೆ. ಗುರುಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"'ವರ್ಷವಿಡೀ ಒಂದು ಮಿಷನ್ ಖಾಲಿ ಬಿದ್ದಿದ್ದು ನಾನು ನೋಡಿಲ್ಲ. ನಮ್ ಹೆಂಗಸ್ರು ಕಬ್ಬಿಣದ ಗುಂಡು ಇದ್ದಂಗಿದಾರೆ. ಕಾಯಿಲೇನೇ ಬರದಿದ್ದವರಿಗೆ ಕಾಯಿಲೆ ರಜೆ ಯಾಕೋ?' ಅಂದ್ರು ಕಣೇ! ಅದನ್ನ ಕೇಳಿ ಈ ಹುಡುಗನ ತಲೆ ಕೆಟ್ಟೋತು. 'ಅವ್ರಿಗೂ ಕಾಯಿಲೆ ಬರ್ತೈತೆ ಸಾರ್! ಜ್ವರದಾಗೆ ಮಲಗಿರ್ತಾರೆ, ಅವ್ರ ಜಾಗದಾಗೆ ಬೇರೆಯವ್ರು ಬಂದು ಕೂರ್ತಾರೆ, ನಿಮ್ಗೆ ಕಾಣ್ಸಲ್ಲ ಅಷ್ಟೇ' ಅಂದ್ಬಿಟ್ಟ. ನಾನು ಹಿಂದ್ಗಡೆಯಿಂದ ಚಿವುಟಿದೆ ಕಣೇ, ಅಷ್ಟೊತ್ತಿಗೆ ಹೇಳಿಯಾಗಿತ್ತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅವತ್ತೇ ನಂಗ್ಯಾಕೆ ಹೇಳ್ಲಿಲ್ಲ ಗಿಡ್ಡಮ್ಮ?"

"ಸಾಹುಕಾರ ಆಗ ಏನೂ ಅನ್ಲಿಲ್ಲ, ಹೋಗ್ರಿ ಅಂದ. ನಕ್ಕು ಮರೀತಾನೆ ಅಂದ್ಕಂಡ್ವಿ. ನಂದೂ ತಪ್ಪೇ ಬಿಡು," ಎಂದು ಗಿಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಕೊನೆಗೆ ಬರೆ ನಿಂಗೂ ಆಮಿನಾಗೂ ಬಿತ್ತು. ಆ ಹುಡುಗ ಏನು ಮಾಡ್ಯಾನೆ ಗೊತ್ತಾ? ಆಮಿನಾ ಜಾಗಕ್ಕೆ ಬೇರೆ ಟೈಲರ್ ಕರ್ಕಂಬಾ ಅಂದ್ರೆ, 'ಅದು ಆಮಿನಾ ಅವರ ಜಾಗ, ಬೇಕಾದ್ರೆ ನನ್ನನ್ನೂ ಕಳಿಸ್ರಿ' ಅಂತ ಕೂತಾನೆ. ಉಣ್ಣದಿಲ್ಲ, ನಗದಿಲ್ಲ."

ಗಿಡ್ಡಮ್ಮ ಹೋದ ಮೇಲೆ ಮಮತಾ ಜಗಲಿಯ ಮೇಲೇ ಕೂತಳು. ಅವನ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ. ನಮ್ಮ ಗುಟ್ಟು ಅದು, ನಮ್ಮನ್ನು ಒಂದು ಮಾತು ಕೇಳದೆ ಹೇಗೆ ಹೇಳಿದ? ಆದರೆ... ಹೇಳಿದ್ದು ಸುಳ್ಳೇ?

'ಒಬ್ಬರ ಜಾಗದಾಗೆ ಒಬ್ಬರು ಕೂತು ಕೂತು, ನಮಗೆ ಕಾಯಿಲೇನೇ ಬರಲ್ಲ ಅಂತ ಸಾಹುಕಾರರನ್ನ ನಂಬಿಸಿದ್ದು ನಾವೇ ಅಲ್ವಾ?' ಎಂದು ಮೊದಲ ಬಾರಿಗೆ ಅನಿಸಿತು. ಅನಿಸಿದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ!

ಮಾರನೆಯ ದಿನದಿಂದ ಮನೆಮನೆ ಸುತ್ತಿದಳು. ಈ ಸೀಮೆಯಲ್ಲಿ ಪವರ್ ಮಿಷನ್ ಬಲ್ಲ ಕೈಗಳೆಲ್ಲ ಈ ಮುಯ್ಯಿಯ ಕೈಗಳೇ. ತಂಗಿಯರು, ನಾದಿನಿಯರು, ಪಕ್ಕದ ಮನೆಯವರು. ಎಲ್ಲರಿಗೂ ಅವಳದು ಒಂದೇ ಮಾತು. "ಸಾಹುಕಾರ್ರು ಕರೆದ್ರೂ ಯಾರೂ ಹೋಗ್ಬೇಡ್ರಿ. ಕಾಯಿಲೆಯವ್ರು ಮನೇಲಿ ಮಲಗ್ಲಿ. ಮಿಷನ್ ಖಾಲಿ ಇರ್ಲಿ. ಅವ್ರಿಗೆ ಒಂದ್ಸಲ ಕಾಣ್ಲಿ."

"ಕೂಲಿ ಹೋಗ್ತೈತಲ್ಲೇ?" ಎಂದರು ಕೆಲವರು.

"ಹೋಗ್ತೈತೆ. ಅಲ್ಲಿವರ್ಗೂ ನಮ್ಮ ನಮ್ಮಲ್ಲಿ ಮುಯ್ಯಿ ಇದ್ದೇ ಐತಲ್ಲ. ಅನ್ನ ಹಂಚ್ಕೊಂಡು ಉಂಡ್ರಾತು."

ಮಳೆಗಾಲದ ಜ್ವರ ಯಾರ ಮುಲಾಜನ್ನೂ ನೋಡುವುದಿಲ್ಲ. ಅಜ್ಜಮ್ಮ ಮಲಗಿದಳು, ಇನ್ನಿಬ್ಬರು ಮಲಗಿದರು. ಹಿಂದಾದರೆ ಜ್ವರದ ಮಾತ್ರೆ ನುಂಗಿ ಬದಲಿಯವರನ್ನು ಹುಡುಕುತ್ತಿದ್ದವರು ಈಗ ಕಂಬಳಿ ಹೊದ್ದು ಮಲಗಿಯೇಬಿಟ್ಟರು. ಚನ್ನಗಿರಿಯಲ್ಲಿ ಕಾಲರಿಲ್ಲದ ಶರ್ಟುಗಳು, ತೋಳಿಲ್ಲದ ಶರ್ಟುಗಳು ಗುಡ್ಡೆ ಬಿದ್ದವು. ನ್ಯಾಮತಿಯ ಶಾಲೆಯಿಂದ ಫೋನಿನ ಮೇಲೆ ಫೋನು!

ಕೊನೆಗೆ ಒಂದು ಮಧ್ಯಾಹ್ನ ಗುರುಸ್ವಾಮಿಯವರ ಕಾರು ಜಯಪ್ಪನ ಮನೆಯ ಮುಂದೆ ಬಂದು ನಿಂತಿತು.

"ಬರ್ರಿ ಸಾರ್, ಕೂತ್ಕೊಳ್ರಿ," ಎಂದು ಮಮತಾ ಚಾಪೆ ಹಾಸಿ, ನೀರು ಕೊಟ್ಟಳು. ಒಳಗೊಳಗೇ ಹೆದರಿಕೆಯಿತ್ತು.

"ನೋಡಮ್ಮ, ಆದದ್ದು ಆಗೋತು. ನೀನೇ ಬಂದು ಆಮಿನಾ ಜಾಗದಾಗೆ ಕೂತ್ಕೊ. ನಿನ್ ಹೆಸರಲ್ಲೇ. ಖಾಯಂ ಕೆಲ್ಸ."

ಖಾಯಂ ಕೆಲಸ! ಅಪ್ಪ ಒಳಬಾಗಿಲಿಂದ ಇಣುಕಿ ಮಗಳ ಮುಖ ನೋಡಿದ. ಹೂಂ ಎಂದುಬಿಟ್ಟರೆ ದಿನಾ ಕೈತುಂಬ ಕೆಲಸ, ದಿನಾ ಅವನ ಮುಖ... ಒಂದು ಗಳಿಗೆ ಅವಳ ಮನಸ್ಸೂ ತೂಗಿತು, ಸುಳ್ಳು ಯಾಕೆ ಹೇಳಲಿ? ಆದರೆ ಗೋಡೆಯ ಆಚೆ ಆಸ್ಪತ್ರೆಯಿಂದ ಬಂದ ಆಸ್ಮಾ ಕೆಮ್ಮುತ್ತಿದ್ದಳು.

"ನಾನು ಬರಲ್ಲ ಸಾರ್. ಆ ಜಾಗ ಆಮಿನಕ್ಕಂದು. ಅವ್ರನ್ನ ಕರೀರಿ."

"ಕರೀತೀನಮ್ಮ, ಅವಳ ಮಗು ಮತ್ತೆ ಕಾಯಿಲೆ ಬಿದ್ರೆ?"

"ಬಿದ್ರೆ ಅಕ್ಕ ಮನೇಲಿ ಇರ್ತಾರೆ. ನೀವು ಆ ದಿನದ ಸಂಬಳ ಕೊಡ್ತೀರಿ."

"ಕೆಲ್ಸ ಮಾಡದಿದ್ದ ದಿನಕ್ಕೂ ಸಂಬಳ ಕೊಟ್ರೆ ನಾನು ಬಾಗ್ಲು ಮುಚ್ಚಬೇಕಾಗ್ತೈತೆ! ಶಾಲೆಯವ್ರು ಎಷ್ಟು ಚೌಕಾಸಿ ಮಾಡ್ತಾರೆ ಗೊತ್ತೇನಮ್ಮ ನಿಂಗೆ?" ಗುರುಸ್ವಾಮಿಯ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಕೆಟ್ಟ ಮನುಷ್ಯನೇನಲ್ಲ ಅವರು. ಕಣ್ಣಿಗೆ ಕಾಣದ್ದು ಇಲ್ಲವೆಂದೇ ನಂಬಿದವರು.

ಮಮತಾ ಅವರ ಎದುರಿಗೆ ಕೂತಳು. ಹೆದರಿಕೆ ಎಲ್ಲಿಗೆ ಹೋಯಿತೋ.

"ಸಾರ್, ಇಷ್ಟು ವರ್ಷ ಹೆಂಗಸ್ರಿಗೆ ಕಾಯಿಲೆ ಬಂದಾಗ ನಿಮ್ದು ಒಂದು ಶರ್ಟಾದ್ರೂ ಕಮ್ಮಿ ಆಗೈತಾ? ಇಲ್ಲ. ಯಾಕಂದ್ರೆ ನಾವು ಬಂದು ಕೂತ್ವಿ. ನಮ್ ಹೊಲ ಬಿಟ್ಟು, ಮನೆ ಬಿಟ್ಟು, ಕೂಲಿ ಇಲ್ದೆ. ಆ ಮುಯ್ಯಿ ನಾವು ಆಮಿನಕ್ಕಂಗೆ ಮಾಡಿದ್ವಿ ಅಂದ್ಕೊಂಡಿದ್ವಿ. ಅಲ್ಲ ಸಾರ್, ಅದು ನಿಮ್ಗೆ ಮಾಡಿದ್ದು! ನಿಮ್ಮ ತಂದೆಯವ್ರೂ ಹೊಲ ಮಾಡಿದವ್ರೇ ಅಂತ ಕೇಳೀನಿ. ಮುಯ್ಯಿ ತಗೊಂಡ ಮೇಲೆ ತೀರಿಸ್ಬೇಕು ಅನ್ನೋದು ನಿಮ್ಗೆ ನಾನು ಹೇಳ್ಬೇಕಾ?"

ಗುರುಸ್ವಾಮಿ ಲೋಟದ ನೀರನ್ನು ಕುಡಿಯದೆ ಹಾಗೇ ಹಿಡಿದುಕೊಂಡು ಕೂತರು. ಮುಯ್ಯಿ ಉಳಿಸಿಕೊಂಡವನು ಎನಿಸಿಕೊಳ್ಳುವುದು ಈ ಕಡೆ ಸಣ್ಣ ಮಾತಲ್ಲ. ಗೋಡೆಯಾಚೆಯ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ.

"ಆಮಿನಾ ಮಗೂನಾ ಅದು?"

"ಹೌದ್ರಿ."

ಅವರು ನೀರು ಕುಡಿದು ಲೋಟ ಕೆಳಗಿಟ್ಟರು. "ತಿಂಗಳಿಗೊಂದು ದಿನ. ಸಂಬಳ ಸಮೇತ. ತಗೊಳ್ದಿದ್ರೆ ಕೂಡಿಟ್ಕೊಳ್ಳಿ, ದೊಡ್ಡ ಕಾಯಿಲೆಗೆ ಆಗ್ತೈತೆ. ಅದಕ್ಕಿಂತ ಜಾಸ್ತಿ ನನ್ ಕೈಲಿ ಆಗಲ್ಲ."

"ಮಕ್ಕಳಿಗೆ ಹುಷಾರಿಲ್ದಿದ್ರೂ?"

"ಹೂಂನಮ್ಮ, ಮಕ್ಕಳಿಗೂ!"

"ಜಾಗಕ್ಕೆ ಬೇರೆಯವ್ರನ್ನ ಕೂರಿಸಬಾರ್ದು."

"ಅಬ್ಬಬ್ಬಾ, ನೀನೇನು ವಕೀಲಳಾ?" ಎಂದು ಏಳುತ್ತಾ ಅವರು ನಕ್ಕೇಬಿಟ್ಟರು. "ಇಲ್ಲ, ಕೂರಿಸಲ್ಲ. ಆಮಿನಾನ್ನ ನಾಳೆ ಕಳ್ಸು."

ಕಾರು ತಿರುವಿನಲ್ಲಿ ಮರೆಯಾಗುವುದನ್ನೇ ಕಾದು ಮಮತಾ ಪಕ್ಕದ ಮನೆಗೆ ಓಡಿದಳು. ಆಮಿನಾ ಅವಳನ್ನು ಅಪ್ಪಿಕೊಂಡು, ಅಷ್ಟು ದಿನದಿಂದ ತಡೆದಿಟ್ಟಿದ್ದನ್ನೆಲ್ಲ ಒಮ್ಮೆಲೇ ಅತ್ತುಬಿಟ್ಟಳು.

ಆಮಿನಾ ಕೆಲಸಕ್ಕೆ ಹೋದಳು. ಅಜ್ಜಮ್ಮ ಗುಣವಾಗಿ ಬಂದಳು, ಸಂಬಳವೂ ಬಂತು. ಎಲ್ಲ ಸರಿಹೋಯಿತು. ಮಮತಾಳ ಮನಸ್ಸೊಂದನ್ನು ಬಿಟ್ಟು!

'ಹೋಗಿ ಮಾತಾಡ್ಲಾ? ಅಷ್ಟೆಲ್ಲ ಅಂದುಬಿಟ್ಟೆ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?' ಬದಲಿಗೆ ಹೋಗುವ ನೆವವೂ ಈಗ ಇಲ್ಲವಲ್ಲ. ಯಾವ ಜಗಳಕ್ಕೂ ಹೆದರದ ಹುಡುಗಿ, ಒಂದು ಕ್ಷಮೆ ಕೇಳುವುದಕ್ಕೆ ದಿನವಿಡೀ ರವಿಕೆಗೆ ತೋಳು ಹಚ್ಚಿ, ಬಿಚ್ಚಿ, ಹಚ್ಚುತ್ತಾ ಕೂತಳು.

ಸಂಜೆ ಬಸ್ಸಿಳಿದ ಆಮಿನಾ ನೇರ ಇವಳ ಬಾಗಿಲಿಗೇ ಬಂದಳು.

"ನಿಮ್ ಸೂಪರ್‌ವೈಸರ್‌ಗೆ ಮೈ ಕೆಂಡದಂಗೆ ಸುಡ್ತೈತೆ ಕಣೇ. ಮನೆಗೆ ಹೋಗ್ರಿ ಅಂದ್ರೆ ಕೇಳಲ್ಲ. ನಾಳೆನೂ ಬರ್ತೀನಿ ಅಂತಾನೆ."

"ನಮ್ ಸೂಪರ್‌ವೈಸರ್ ಅಂತೆ!" ಎಂದು ಮಮತಾ ಮುಖ ತಿರುಗಿಸಿದಳು. ಬೆಳಗಿನ ಮೊದಲ ಬಸ್ಸಿನಲ್ಲಿ ಮಾತ್ರ ಆಮಿನಾಳಿಗಿಂತ ಮೊದಲು ಅವಳೇ ಹತ್ತಿ ಕೂತಿದ್ದಳು.

ಯೂನಿಟ್ಟಿನ ಮೂಲೆಯ ಮೇಜಿನ ಹಿಂದೆ ತಿಪ್ಪೇರುದ್ರ ಟವಲ್ ಹೊದ್ದು ಕೂತಿದ್ದ. ಕಣ್ಣು ಕೆಂಪಗಿದ್ದವು. ಅವಳನ್ನು ಕಂಡು ಎದ್ದು ನಿಲ್ಲಲು ಹೋಗಿ ಮೇಜು ಹಿಡಿದುಕೊಂಡ.

"ಕೂತ್ಕೊಳ್ರಿ!" ಎಂದು ಗದರಿದಳು. "ಬುದ್ಧಿ ಐತೇನ್ರೀ ನಿಮ್ಗೆ? ಜ್ವರದಾಗೆ ಕೆಲ್ಸ ಮಾಡಿದ್ರೆ ಏನಾಗ್ತೈತೆ ಅಂತ ನಿಮ್ಮವ್ವನ್ನ ನೋಡಿಲ್ವಾ?"

ಮಿಷನ್ನುಗಳ ಸದ್ದು ಯಾಕೋ ಕಮ್ಮಿಯಾಯಿತು. ಎಲ್ಲರ ಕಿವಿಯೂ ಇತ್ತಲೇ.

"ಇವತ್ತು ಹೊನ್ನಾಳಿಗೆ ಮಾಲು ಹೋಗ್ಬೇಕು. ನಾನಿಲ್ದಿದ್ರೆ ನನ್ ಜಾಗದಾಗೆ ಯಾರು ಕೂರ್ತಾರೆ ಮಮತಾ?"

"ಯಾರೂ ಕೂರಲ್ಲ. ಖಾಲಿ ಇರ್ತೈತೆ. ಸಾಹುಕಾರ್ರೇ ಬಂದು ಮಾಲು ಕಟ್ಟಿಸ್ಲಿ. ನೀವು ಬರೋವರೆಗೂ ಅದು ನಿಮ್ ಜಾಗಾನೇ. ಅದಕ್ಕೇ ಅಲ್ವಾ ಇಷ್ಟು ಹೊಡೆದಾಡಿದ್ದು?"

ಅವನು ತಲೆ ತಗ್ಗಿಸಿದ. ಜ್ವರಕ್ಕೋ ಏನೋ, ದನಿ ಒದ್ದೆಯಾಗಿತ್ತು.

"ನಾನು ನಿಮ್ಮನ್ನೆಲ್ಲ ಕೇಳಿ ಹೇಳಬೇಕಾಗಿತ್ತು. ನಿಮ್ ಗುಟ್ಟು ಅದು. ಒಳ್ಳೇದಾಗ್ಲಿ ಅಂತ ಬಾಯಿ ಬಿಟ್ಟೆ, ನಿಮ್ಮನ್ನ ಅಷ್ಟು ಜನರ ಮುಂದೆ... ಅದನ್ನ ನೋಡ್ಕೊಂಡು ನಿಂತಿದ್ನಲ್ಲ, ಅದು ನನ್ನ ಬಿಡ್ತಿಲ್ಲ."

"ತಪ್ಪೇ ಅದು. ಇನ್ನೊಂದ್ಸಲ ಹಂಗೆ ಮಾಡಿದ್ರೆ ನೋಡ್ರಿ!" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನೂ ಬಾಯಿಗೆ ಬಂದಂಗೆ ಅಂದೆ. ಕೇಳೋ ವ್ಯವಧಾನ ಇರ್ಲಿಲ್ಲ. ಮನೆಗೆ ಹೋಗಿ ಎಷ್ಟು ಅತ್ತೆ ಗೊತ್ತಾ? ಬೇರೆ ಯಾರಾದ್ರೂ ಆಗಿದ್ರೆ ಅಷ್ಟು ನೋವಾಗ್ತಿರ್ಲಿಲ್ಲ ರೀ..."

ಅವನು ಮುಖ ಎತ್ತಿದ. "ಯಾಕೆ ಮಮತಾ?"

ಹೇಳಿಯಾಗಿತ್ತಲ್ಲ, ಇನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಅವಳ ಕೆನ್ನೆ ಕೆಂಪಾಯಿತು.

"ಏ ಹುಡುಗಿ, ಹೇಳೇ! ಅವನ ಮೇಲೆ ಮನಸ್ಸೈತೆ ಅಂತ ಹೇಳು!" ಎಂದು ಗಿಡ್ಡಮ್ಮ ಸಾಲಿನಿಂದಲೇ ಕೂಗಿದಳು. "ನಮ್ಗೂ ಕೆಲ್ಸ ಐತೆ, ಎಷ್ಟೊತ್ತು ಮಿಷನ್ ನಿಲ್ಲಿಸ್ಕೊಂಡು ಕೂರಾಣ?"

ಇಡೀ ಯೂನಿಟ್ಟು ಘೊಳ್ಳೆಂದಿತು. ಮಮತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಿಪ್ಪೇರುದ್ರ ಜ್ವರವನ್ನೂ ಮರೆತು, ಎಷ್ಟೋ ದಿನದ ಮೇಲೆ, ನಕ್ಕ.

"ನಂಗೂ ಐತೆ," ಎಂದ ಮೆಲ್ಲಗೆ, ಅವಳಿಗಷ್ಟೇ ಕೇಳುವ ಹಾಗೆ. "ಆ ಸೊಟ್ಟ ಕಾಲರ್ ನೋಡಿದ ದಿನದಿಂದ."

ಅವಳು ಬೆರಳ ಸಂದಿನಿಂದ ಅವನನ್ನು ನೋಡಿದಳು. ಆಮೇಲೆ ಕೈ ತೆಗೆದು ಅವನ ಹಣೆಯ ಮೇಲಿಟ್ಟಳು. ಸುಡುತ್ತಿತ್ತು.

"ಏಳ್ರಿ. ಮೊದ್ಲು ಡಾಕ್ಟ್ರು, ಆಮೇಲೆ ರೂಮು. ಗಂಜಿ ಮಾಡಿ ಕಳಿಸ್ತೀನಿ. ಜ್ವರ ಪೂರ್ತಿ ಬಿಟ್ಟ ಮೇಲೆ ಬಿಳಿಚೋಡಿಗೆ ಹೋಗಿ ಅವ್ವನ್ನ ಕರ್ಕೊಂಡು ನಮ್ಮನೆಗೆ ಬರ್ರಿ. ಅಪ್ಪನ ಹತ್ರ ಮಾತಾಡಾಕೆ."

"ಇವತ್ತೇ ಹೋಗಿ ಕರ್ಕೊಂಡು ಬರ್ಲಾ?"

"ಬೇಡ."

"ಜ್ವರ ಬಿಡೋವರೆಗೂ ಕಾಯಬೇಕಾ ಮಮತಾ?"

"ಕಾಯಬೇಕು," ಎಂದಳು ಅವಳು, ಅವನ ಟವಲನ್ನು ಸರಿಯಾಗಿ ಹೊದಿಸುತ್ತಾ. "ಸಂಬಳ ಬರ್ತೈತಲ್ಲ, ಸುಮ್ನೆ ಹೋಗಿ ಮಲಕ್ಕಳ್ರಿ."